ನಿಮಿಷಕ್ಕೆ ನೂರು ಹನಿ

ಮಂಡ್ಯದ ದೊಡ್ಡಾಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ
ಡ್ರಿಪ್ಪಿನ ಗಾಲಿ ತಿರುಗಿಸಿದ ಹೆಬ್ಬೆರಳು
ನಿವೃತ್ತಿಯಾದ ಮೇಲೂ ಸುಮ್ಮನಿರದೆ
ಗಾಳಿಯಲ್ಲೇ ಏನನ್ನೋ ತಿರುವುತ್ತಿತ್ತು.

ಗುತ್ತಲು ರಸ್ತೆಯ ನನ್ನ ತಾರಸಿ ಮೇಲೊಂದು
ನೂರು ವ್ಯಾಟಿನ ಹಲಗೆ.
ತೆಂಕಣಕ್ಕೆ ಮುಖ ಮಾಡಿ ಕೂತದ್ದು,
ಬೆಳಗಿನ ಬಿಸಿಲು ಕೆನ್ನೆ ಸವರಿ ಹೋದರೂ
ಮುನಿದ ನಾದಿನಿಯಂತೆ ತಿರುಗಿ ನೋಡದು.

ಹೋದ ವರ್ಷ, ಕಬ್ಬು ಅರೆಯುವ ತಿಂಗಳು,
ಕಾರ್ಖಾನೆಯ ಕರಿಬೂದಿ ಬೀದಿಗೆ ಇಳಿವಾಗ
ವೆಲ್ಡಿಂಗ್ ಇಮ್ತಿಯಾಜನ ಮಗುವಿಗೆ ಉಬ್ಬಸ.
ಕರೆಂಟಿಲ್ಲ. ನನ್ನ ಬ್ಯಾಟರಿಗೇ ನೆಬ್ಯುಲೈಸರ್ ಕೊಟ್ಟೆ.
ಅರ್ಧ ಔಷಧಿ ಮಂಜಾಗಿ ಎದೆಗಿಳಿಯಿತು,
ಇನ್ನರ್ಧ ಬಟ್ಟಲಲ್ಲೇ ಉಳಿಯಿತು.
ಆಟೋ ಸಿಕ್ಕಿತು. ಮಗು ಈಗ ಗೋಲಿ ಆಡುತ್ತದೆ.
ಆ ಉಳಿದರ್ಧ ಮಾತ್ರ ನನ್ನ ನಿದ್ದೆಗೆ ಅಂಟಿತು.

"ತಿರುಗೋ ಹಂಗೆ ಮಾಡ್ಕೊಡು" ಅಂದೆ ಅವನಿಗೆ.
ಸೈಕಲ್ಲಿನ ಎರಡು ಹಬ್ಬು, ಒಂದು ನೀರಿನ ಪೈಪು:
ಅಚ್ಚು ಸಿದ್ಧ. ಪಡುವಣ ಅಂಚಿಗೆ ಒಂದೂವರೆ ಕೇಜಿ ಕಲ್ಲು,
ಮೂಡಣ ಅಂಚಿಗೆ ಮೂರು ಲೀಟರಿನ ಕ್ಯಾನು,
ಓಲಾಡದಂತೆ ಹಳೇ ಟ್ಯೂಬಿನ ಬಿಗಿತ.
ಕ್ಯಾನಿನ ಬುಡಕ್ಕೆ, ಇದು ನನ್ನ ಪಾಲು, ಡ್ರಿಪ್ ಸೆಟ್ಟು.

ಬೆಳಗ್ಗೆ ಏಳಕ್ಕೆ ಗಾಲಿ ಸಡಿಲಿಸುವೆ:
ನಿಮಿಷಕ್ಕೆ ನೂರು ಹನಿ.
ರೋಗಿಗಾದರೆ ಡಾಕ್ಟರು ಬೈಯುತ್ತಿದ್ದರು,
ಸೂರ್ಯನಿಗೆ ಸರಿಯಾದ ಡೋಸು.
ನೀರಿಳಿದಷ್ಟೂ ಮೂಡಣ ಹಗುರ,
ಕೂದಲೆಳೆ ಕೂದಲೆಳೆಯಾಗಿ ಕಲ್ಲಿನ ಕಡೆಗೆ ವಾಲಿ
ಸಂಜೆ ಐದಕ್ಕೆ ಹಲಗೆ
ಮೈಸೂರಿನತ್ತ ನೋಡುತ್ತಿರುತ್ತದೆ.
ಬಿದ್ದ ಹನಿಯೂ ದಂಡವಿಲ್ಲ, ಕೆಳಗೆ ದೊಡ್ಡಪತ್ರೆ.
ಎಂಟು ಗಂಟೆಗೆ ಎರಡು ಆಂಪಿಯರ್ ಇದ್ದದ್ದು
ನಾಲ್ಕೂವರೆ. ಕೇಸ್‌ಶೀಟಿನಂತೆ ಬರೆದಿಟ್ಟಿದ್ದೇನೆ.

ಆಸೆ ಹೆಚ್ಚಾಯಿತು. ಅಮ್ಮನ ಬೀರುವಿನ ನಿಲುಗನ್ನಡಿ ಬಿಚ್ಚಿ
ಬಡಗಣ ಗೋಡೆಗೆ ಒರಗಿಸಿದೆ.
ಆರೂಮುಕ್ಕಾಲು! ಮುಳ್ಳು ಕುಣಿಯಿತು.
ಒಂದು ಗಂಟೆಗೆ ಹಲಗೆಯ ಬೆನ್ನು ಮುಟ್ಟಿದರೆ ಕೈ ಚುರ್ರೆಂದಿತು,
ವೋಲ್ಟು ಇಳಿಯುತ್ತಿದೆ. ಜ್ವರ.
ಬೆಳಕು ಇದಕ್ಕೆ ಊಟ, ಬಿಸಿ ಕಾಯಿಲೆ;
ಎರಡನ್ನೂ ಒಂದೇ ತಟ್ಟೆಗೆ ಬಡಿಸುವವನು ಮೇಲಿದ್ದಾನೆ.
ಗೋಣಿಚೀಲ ನೆನೆಸಿ ಬೆನ್ನಿಗೆ ಕಟ್ಟಿ
ಹಣೆಗೆ ಒದ್ದೆಬಟ್ಟೆ ಹಾಕಿದವಳಂತೆ ಪಕ್ಕದಲ್ಲೇ ಕೂತೆ.

ಆಗ ಎದುರುಮನೆ ಚಿಕ್ಕತಾಯಮ್ಮನ ಕೂಗು:
"ಏನ್ ಸಿಸ್ಟ್ರೇ, ನಿಮ್ ಕನ್ನಡಿ ನಮ್ ಮಾಡಿ ಮ್ಯಾಲೆ
ಇನ್ನೊಂದ್ ಹೊತ್ತ್ ಹುಟ್ಟುಸ್ತದಲ್ಲಾ!
ಕಣ್ ಬುಡಕ್ಕಾಗಕ್ಕಿಲ್ಲ ಕನವ್ವ."
ಹಳೇ ಸೀರೆ ಹೊದಿಸಿದೆ.

ಮೂರನೇ ದಿನ ಅವಳೇ ಗೇಟಿಗೆ ಬಂದಳು, ಕಂಕುಳಲ್ಲಿ ಮೊರ:
"ಅದ್ಯಾಕ್ ಮುಚ್ಬುಟ್ರಿ? ಆ ಮೂರಂತಸ್ತು ಎದ್ದ ಮ್ಯಾಕೆ
ನಮ್ಗೆ ಬಿಸ್ಲೇ ಇಲ್ಲ.
ಸಂಡ್ಗೆ ಒಣಗ್ದೆ ಮುಗ್ಗಲು ಬತ್ತಾದೆ."

ಈಗ ನನ್ನ ಹಲಗೆ ಕುಡಿದು ಮಿಗಿಸಿದ ಬೆಳಕಿನ ಹಿಂದೆ
ಅವಳ ಮೊರ ಗೇಣು ಗೇಣು ಸರಿಯುತ್ತದೆ.
ಹಬ್ಬಿಲ್ಲ, ಕಲ್ಲಿಲ್ಲ. ಫೋನಿನಲ್ಲಿ ಮಾತಾಡುತ್ತಲೇ
ಕಾಲ್ಬೆರಳಿಂದ ತಳ್ಳುತ್ತಾಳೆ,
ನನಗಿಂತ ನಿಖರ.

ನಿನ್ನೆ ಎರಡೂವರೆಗೆ ಕರೆಂಟು ಹೋಯಿತು.
ಬೀದಿಯಲ್ಲಿ ಯಾರೂ ಕೆಮ್ಮಲಿಲ್ಲ.
ಆದರೂ ಎದ್ದು ನೋಡಿದೆ: ಬ್ಯಾಟರಿಯ ಹಸಿರು ಚುಕ್ಕಿ ಉರಿಯುತ್ತಿತ್ತು.
ಎದ್ದದ್ದಕ್ಕೆ ಮೇಲೆ ಹೋಗಿ ಕ್ಯಾನು ತುಂಬಿಸಿದೆ.
ಕಿರ್ರೆಂದು ಹಲಗೆ, ಆ ಕತ್ತಲಲ್ಲೇ,
ಮೂಡಣಕ್ಕೆ ಹೊರಳಿತು.