ಎಡಗೈಯ ಅಂಟು

ಪೈನ್ ಮರದ ಅಂಟು ಸೋಪಿಗೆ ಹೋಗುವುದಿಲ್ಲ.
ಸೂರ್ಯಕಾಂತಿ ಎಣ್ಣೆ ಬೇಕು, ಹಳೇ ಬನಿಯನ್ನಿನ ಚೂರು ಬೇಕು,
ಊರಲು ಗಟ್ಟಿ ಮೊಣಕಾಲೂ ಬೇಕು.
ಅಸ್ತ್ರಾಖಾನಿನ ಈ ಹ್ಯಾಂಡ್‌ಬಾಲ್ ಅಂಗಣದ ನೆಲವನ್ನು
ಮೂವತ್ತೊಂದು ವರ್ಷದಿಂದ ಉಜ್ಜುತ್ತಿರುವ ಫಾಯಿನಾ ನಾನು.
ಯಾರ ಕೈ ಎಲ್ಲೆಲ್ಲಿ ತಾಗಿತ್ತು, ಕೇಳಿ, ಹೇಳುತ್ತೇನೆ.

ರಿಮ್ಮಾ ಬಂದಾಗ ಹದಿನಾಲ್ಕು.
ನಾನು ಮೊದಲು ಕಂಡದ್ದು ಬಾಗಿಲನ್ನು:
ಎಲ್ಲರೂ ತಳ್ಳುವ ಕಡೆ ಬಿಟ್ಟು ಇನ್ನೊಂದು ಕಡೆ
ಐದು ಬೆರಳಿನ ಕಪ್ಪು ಜಿಗುಟು.
ಎಡಚಿ ಒಬ್ಬಳು ಸೇರಿದ್ದಾಳೆ ಅಂದುಕೊಂಡೆ,
ಮುಖ ನೋಡುವ ಮೊದಲೇ.

ಶಾಲೆಯಲ್ಲಿ ಆ ಕೈಗೆ ಅಡಿಕೋಲಿನ ಪೆಟ್ಟು ಬಿದ್ದಿತ್ತಂತೆ.
ಪೆನ್ಸಿಲ್ಲು ಬಲಗೈಗೆ ಹೋಯಿತು,
ಚಮಚ ಬಲಗೈಗೆ ಹೋಯಿತು,
ಎಡಗೈಗೆ ಉಳಿದದ್ದು ಚೆಂಡೊಂದೇ.
ಒಂಬತ್ತು ಮೀಟರಿನಿಂದ ಜಿಗಿದಳೆಂದರೆ
ಗೋಲಿಯ ಮೊಣಕೈ ಏಳುವಷ್ಟರಲ್ಲಿ
ಬಲೆಯ ಹೊಟ್ಟೆ ಉಬ್ಬಿರುತ್ತಿತ್ತು.

ಆಮೇಲೆ ದೇಶದ ಹೆಸರು ಬದಲಾಯಿತು,
ಅಂಗಿಯ ಎದೆಯ ಮೇಲಿನ ಅಕ್ಷರ ಬದಲಾಯಿತು,
ಸಂಬಳ ಒಣಮೀನಾಗಿ ಬಂತು:
ತಿಂಗಳಿಗೆ ಎರಡು ಮಾಲೆ ವೋಬ್ಲಾ.
ನೆಲ ಒರೆಸುವ ನನಗೂ ಎರಡು, ರಾಷ್ಟ್ರೀಯ ತಂಡದವಳಿಗೂ ಎರಡು.
ಸಮಾನತೆ ಕೊನೆಗೂ ಈಗ ಬಂತು ನೋಡು
ಅಂತ ಮೆಟ್ಟಿಲ ಮೇಲೆ ಕೂತು ನಕ್ಕೆವು, ಮುಳ್ಳು ಉಗುಳುತ್ತ.
ಅವಳು ಹಂಗೇರಿಗೆ ಹೋದಳು.
ಆರು ವರ್ಷ ಬಾಗಿಲ ಆ ಕಡೆ ಚೊಕ್ಕಟವಾಗಿತ್ತು.
ಹಿಡಿಸಲಿಲ್ಲ ನನಗೆ.

ಮರಳಿದಾಗ ಭುಜದೊಳಗೆ ಎರಡು ತಿರುಪುಮೊಳೆ,
ಕೊರಳಲ್ಲಿ ಸೀಟಿ.
ಕೋಟು ತೊಡಲು ಇನ್ನೊಬ್ಬರ ಕೈ ಬೇಕು.
ಈಗ ಎಲ್ಲರೂ ರಿಮ್ಮಾ ಸವೆಲ್ಯೆವ್ನಾ ಅನ್ನಬೇಕು.
ಹಲಗೆಯ ಮೇಲೆ ಬಲಗೈಯಲ್ಲಿ ಬಾಣ ಬರೆಯುತ್ತಾಳೆ,
ಪೆಟ್ಟು ತಿಂದು ಕಲಿತ ದುಂಡನೆಯ ಅಕ್ಷರ.
ಚೆಂಡು ಉರುಳಿ ಬಂದರೆ ಕಾಲಿನಿಂದ ಸರಿಸುತ್ತಾಳೆ.

ಮೊದಮೊದಲು ಕೆಟ್ಟ ಗುರು. ಹೇಳಿಯೇಬಿಡುತ್ತೇನೆ.
ತನಗೆ ಕಲಿಸದೆ ಬಂದದ್ದು
ಕಲಿಸಿದರೂ ಬಾರದವರ ಮೇಲೆ ಉರಿದುಬೀಳುತ್ತಿದ್ದಳು.
ಬೆಂಚಿನಡಿ ಮುದುಡಿದ ಕಾಗದದ ಕರವಸ್ತ್ರಗಳನ್ನು
ಗುಡಿಸಿದವಳು ನಾನು; ಲೆಕ್ಕ ನನ್ನ ಹತ್ತಿರ ಇದೆ.

ಕಲ್ಮೀಕಿಯಾದ ಹುಲ್ಲುಬಯಲಿನಿಂದ ಬಾಯಿರ್ತಾ ಬಂದಳು,
ಬಸ್ಸಿನಲ್ಲಿ ಐದು ಗಂಟೆ,
ಚೀಲದಲ್ಲಿ ಅಜ್ಜಿ ಕರಿದ ರೊಟ್ಟಿ.
ಮರುದಿನ ಬಾಗಿಲ ಆ ಕಡೆ
ಐದು ಬೆರಳು. ಸಣ್ಣವು.
ಎಣ್ಣೆಬಟ್ಟೆ ಹಿಡಿದು ನಿಂತಿದ್ದೆ.
ರಿಮ್ಮಾ ಹಿಂದಿನಿಂದ ಬಂದು ‘ಇರಲಿ’ ಅಂದಳು.

ಮೇ ತಿಂಗಳ ಫೈನಲ್ಲು. ಒಂದು ಗೋಲು ಹಿಂದೆ,
ಉಳಿದದ್ದು ಮೂವತ್ತೆಂಟು ಸೆಕೆಂಡು.
ರಿಮ್ಮಾ ಹಸಿರು ಕಾರ್ಡು ಮೇಜಿನ ಮೇಲಿಟ್ಟಳು.
ಒಂದು ನಿಮಿಷ ಬಿಡುವು.
ಬೆವರಿದ ತಲೆಗಳು ಹಲಗೆಯ ಸುತ್ತ ಬಾಗಿದವು.
ಬಲಗೈಯಲ್ಲಿದ್ದ ಪೆನ್ನು
ಎಡಗೈಗೆ ದಾಟಿತು, ನಾನೇ ನೋಡಿದೆ.
ಬಿಡಿಸಿದ್ದು ಬರೀ ಕಾಗೆಕಾಲು ಗುಬ್ಬಿಕಾಲು.
ಉಳಿದವರು ಮುಖಮುಖ ನೋಡಿಕೊಂಡರು;
ಬಾಯಿರ್ತಾ ತಲೆಯಾಡಿಸಿದಳು.

ಚೆಂಡು ಕಂಬಕ್ಕೆ ಬಡಿಯಿತು.
ನನ್ನ ಬಕೆಟ್ಟಿನ ನೀರು ನಡುಗಿತು.
ಸೋತೆವು.

ಎಲ್ಲ ಹೋದ ಮೇಲೆ ರಿಮ್ಮಾ
ಆ ಕಂಬದ ಬಳಿ ನಿಂತು ಚೆಂಡಿನ ಗುರುತು ಹುಡುಕಿದಳು,
ಅಂಗೈ ಒತ್ತಿದಳು, ಮೂಸಿದಳು.
‘ಎರಡು ಬೆರಳು ಒಳಗಿದ್ದರೆ ಸಾಕಿತ್ತು, ಫಾಯಿನಾ,
ಬರೀ ಎರಡು ಬೆರಳು’ ಅಂದಳು,
ಸಂತೆಯಲ್ಲಿ ಒಳ್ಳೆ ಕಲ್ಲಂಗಡಿ ಕೈತಪ್ಪಿದವಳ ಹಾಗೆ, ನಗುತ್ತ.
ಕೋಟು ತೊಡಿಸಿದೆ. ಹೋದಳು.

ಬಾಗಿಲು ತಳ್ಳಿದ್ದು ಯಾವ ಕೈಯೆಂದು
ಬೆಳಿಗ್ಗೆ ಗೊತ್ತಾಯಿತು.
ಸಣ್ಣ ಐದರ ಮೇಲೆ, ಒಂದು ಗೇಣು ಎತ್ತರದಲ್ಲಿ, ದೊಡ್ಡ ಐದು.
ಇದೇಕೆ ಒರೆಸಿಲ್ಲ ಎಂದು ಮೇಲ್ವಿಚಾರಕ ಲುಕ್ಯಾನಿಚ್ ಗದರಿದ.
ಎಣ್ಣೆ ಮುಗಿದಿದೆ ಅಂದೆ,
ತುಂಬಿದ ಸೀಸೆಯನ್ನು ಸೆರಗಿನೊಳಗೆ, ಅಲ್ಲ,
ಏಪ್ರನ್ನಿನೊಳಗೆ ಸರಿಸುತ್ತ.