ಎರಡನೇ ಹನಿ

ಮೊದಲ ಹನಿ ಒರಸಬೇಕು.
ತರಬೇತಿಯೊಳಗ ಕಲಿಸಿದ್ದು ಅದು:
ಸೂಜಿ ಚುಚ್ಚಿದ ಕೂಡ್ಲೆ ಬರೋದು ಬರೇ ರಕ್ತ ಅಲ್ಲ,
ಒಡದ ಚರ್ಮದ ನೀರೂ ಕೂಡಿರ್ತದ ಅದರಾಗ.
ಹತ್ತಿಲೇ ಒರಸಿ, ಬೆರಳು ಇಳಿಬಿಟ್ಟು, ಕಾಯಬೇಕು.
ಎರಡನೇದು ತಾನಾಗೇ ತುಂಬಿ ಬರ್ತದ.
ಅದು ಲೆಕ್ಕಕ್ಕ.

ಸೇಡಂ. ಹುಡುಗ್ಯಾರ ಹಾಸ್ಟೆಲಿನ ಊಟದ ಹಾಲ್.
ಮುಂಜಾನಿ ಆರೂವರಿ, ಉಪ್ಪಿಟ್ಟಿನ ವಾಸನಿ,
ಕಾಲ ಕೆಳಗಿನ ಶಹಾಬಾದ ಪರಸಿ ಈಗಲೇ ಬೆಚ್ಚಗ.
ಟೇಬಲ್ ಮ್ಯಾಲ ದಪ್ಪನ ಬಿಳಿ ಕಾಗದ,
ಒಂದೊಂದರಾಗ ಐದು ದುಂಡನ ಗೆರಿ,
ಹಳೇ ಚಾರಾಣೆಗಿಂತ ಸಣ್ಣವು.
ಒಂದು ಗೆರಿಗೆ ಒಂದೇ ಹನಿ. ಹಿಂದಿನ ಮಗ್ಗಲಿಗೂ ಇಳಿಬೇಕು.
ಬೆರಳು ಕಾಗದಕ್ಕ ಹತ್ತಬಾರದು.

ಟ್ಯೂಬ್ ಬ್ಯಾಡ, ಐಸಿನ ಡಬ್ಬಿ ಬ್ಯಾಡ,
ಕರೆಂಟ್ ಹೋದರ ಹೋಗ್ಲಿ.
ಒಣಗಿಸಿ ಟಪಾಲಿಗೆ ಹಾಕಿದ್ರ ಸಾಕು,
ದೂರದ ಲ್ಯಾಬಿನವರು ಕೊರದು ತಗದು, ನೆನಸಿ, ಕೇಳ್ತಾರ:
ಈಸ್ಟ್ರಾಡಯಾಲ್ ಎಷ್ಟು, ಪ್ರೊಜೆಸ್ಟರಾನ್ ಎಷ್ಟು.
ಒಣಗಿದ ಮ್ಯಾಲೂ ರಕ್ತ ಜವಾಬು ಕೊಡ್ತದ.

ಹೋದ ತಿಂಗಳ ಇರಿವಿ ಬಂದಿದ್ವು.
ಸಾಲು ಹಚ್ಚಿ ಬಂದು
ಹನ್ನೊಂದು ಹುಡುಗ್ಯಾರ ಹನಿ ಮ್ಯಾಲ ಕುಂತಿದ್ವು.
ಈ ಸಲ ಅಡಗಿ ಸುಗಲಾಬಾಯಿ ತಾನೇ ಬಂದು
ಒಣಗಸೋ ಸ್ಟ್ಯಾಂಡಿನ ನಾಕೂ ಕಾಲಿಗೆ
ನಾಕು ಬಟ್ಟಲ ನೀರಿಟ್ಲು.
"ಬೆಲ್ಲದ ಡಬ್ಬಿಗಿ ಹಿಂಗೇ ಮಾಡ್ತೀನ್ರಿ ನಾನು."

ಚುಚ್ಚೋಕ್ಕಿಂತ ಮೊದಲ ಒಂದು ಪ್ರಶ್ನಿ:
ಇವತ್ತಿಗೆ ಎಷ್ಟನೇ ದಿನ?
ರಿಹಾನಾ ಮೊಬೈಲ್ ತಗದು ತೋರಸ್ತಾಳ;
ಬೆರಳ ತುಂಬ ಮದರಂಗಿ, ಎಲ್ಲಿ ಬಣ್ಣ ಎಲ್ಲಿ ರಕ್ತ,
ಕಿಟಕಿ ಬೆಳಕಿಗೆ ಹಿಡದು ನೋಡಬೇಕು.
ಜಗದೇವಿದು ಬ್ಯಾರೆ ಲೆಕ್ಕ:
"ಅಮಾಸಿ ಮರುದಿನ ಆಗಿದ್ದೆ, ಅವತ್ತೇ ಅಕೌಂಟೆನ್ಸಿ ಟೆಸ್ಟ್."

ನೂರಾ ಹದಿನೇಳು. ಭಾಗ್ಯವಂತಿ. ವಯಸ್ಸು ಹತ್ತೊಂಬತ್ತು.
"ಎಂಟನೇ ದಿನಾರೀ."
ಹೋದ ವಾರನೂ ಎಂಟು.
ಹಾಳಿ ತಿರುವಿ ನೋಡಿದೆ, ಅದರ ಹಿಂದಿನ ವಾರನೂ ಎಂಟು.

ನಾ ಏನೂ ಅನ್ಲಿಲ್ಲ. ಮೊದಲ ಹನಿ ಒರಸಿದೆ.
ಬೆರಳು ತಣ್ಣಗಿತ್ತು, ಹಿಡಕೊಂಡು ಕುಂತೆ,
ಎರಡನೇದು ಬರಲಿಕ್ಕ ತಡಾ ಆಯ್ತು.
ಆ ತಡದಾಗ, ಪರಸಿಗೆ ಹೇಳಿದಂಗ, ತಲಿ ಬಗ್ಗಿಸಿ:

"ಇನ್ನಾ ಒಮ್ಮೆನೂ ಆಗಿಲ್ರೀ.
ಹದಿನೈದು ತುಂಬಿತ್ತು, ಓಣ್ಯಾಗ ಮಾತು ಸುರು ಆಗಿದ್ವು.
ಅವ್ವ ಒಂದಿನ ಮುಂಜಾನಿ ಎಬ್ಬಿಸಿ
ಹಸರು ಸೀರಿ ಉಡಿಸಿ, ಕಂಬಳಿ ಮ್ಯಾಲ ಕುಂಡ್ರಿಸಿಬಿಟ್ಲು.
ಐದು ಮಂದಿ ಬಂದು ಆರತಿ ಎತ್ತಿದ್ರು.
ಕೊಬ್ಬರಿ ಬೆಲ್ಲ ತಿಂದು, ಹಾಡಿ, ಹೋದ್ರು.
ಅವತ್ತಿನಿಂದ ತಿಂಗಳಾ ನಾಕು ದಿನ
ದೇವರ ಜಗಲಿ ಮುಟ್ಟಂಗಿಲ್ಲ ನಾನು.
ಇಲ್ಲಿ ಪ್ಯಾಡ್ ಕೊಡ್ತಾರಲ್ರೀ, ಸಹಿ ಮಾಡಿ ತಗೋತೀನಿ.
ಟ್ರಂಕ್ ತುಂಬ್ಯಾವ."

ಹನಿ ಬಂತು.
ಕಾಗದ ಕುಡೀತು. ಒಂದು, ಎರಡು, ಐದೂ ತುಂಬಿದ್ವು,
ಗೆರಿ ದಾಟಲಿಲ್ಲ.
"ಇದರಾಗ ಗೊತ್ತಾಗ್ತದೇನ್ರೀ?"
ಅರ್ಧ ಗೊತ್ತಾಗ್ತದ ಅಂದೆ. ಉಳದದ್ದಕ್ಕ
ಕಲಬುರ್ಗಿ ದೊಡ್ಡ ದವಾಖಾನಿಗೆ ಹೋಗಬೇಕು.
ನಾ ಬರ್ತೀನಿ ಸಂಗಡ.
ಹತ್ತಿ ಒತ್ತಿ ಹಿಡಕೊಂಡು ಎದ್ದಾಕಿ ಹೊಳ್ಳಿ ನಿಂತಳು.
"ಅವ್ವಂದು ತಪ್ಪು ಅಂತ ಬರ್ತದೇನ್ರೀ, ರಿಪೋರ್ಟಿನಾಗ?"
ಇಲ್ಲವ್ವಾ. ಬರೇ ಅಂಕಿ ಬರ್ತದ.

ಹತ್ತೂವರಿಗೆ ಹನಿ ಒಣಗಿದ್ವು.
ಕೆಂಪು ಹೋಗಿ ಹಳೇ ಹುಣಸಿಹಣ್ಣಿನ ಬಣ್ಣ,
ರಿಹಾನಾದು, ಜಗದೇವಿದು, ನೂರಾ ಹದಿನೇಳರದು,
ಯಾವುದು ಯಾರದು ಅಂತ ನನಗೇ ತಿಳೀಲಿಲ್ಲ.
ರಜಿಸ್ಟರಿನಾಗ ಮೂರೂ ಎಂಟಕ್ಕ ಗೆರಿ ಎಳದೆ.
ಒಮ್ಮೆನೂ ಇಲ್ಲ ಅಂತ ಬರೀಲಿಕ್ಕ ಖಾನೆ ಇರಲಿಲ್ಲ.
ಪೆನ್ನು ಹಿಡಕೊಂಡೇ ಕುಂತಿದ್ದೆ.

ಬಟ್ಟಲದ ಅಂಚಿಗೆ ಒಂದು ಇರಿವಿ
ಸುತ್ತು ಹೊಡೀತಿತ್ತು.
ಸುಗಲಾಬಾಯಿ ಬಂದು ಇನ್ನಷ್ಟು ನೀರು ಹಾಕಿದ್ಲು.