ಗಾಳಿಗೆ ದಾರಿ

ಎರಡೂ ಒಂದೇ ಟೇಬಲ್ ಮ್ಯಾಲೆ ಬಾಯಿ ತೆರಕೊಂಡು ಕೂತಿದ್ದವು.
ಖಾನಾಪುರ ರೋಡಿನ ಅಂಗಡಿ, ಅಪ್ಪನ ಸೂಟಿಯ ದಿನ, ಮಧ್ಯಾಹ್ನ ಮೂರು.
ಒಂದು ತೆಳ್ಳಂದು, ಬೆಳ್ಳಿ ಬಣ್ಣ, ಕೀಲಿಗಳ ಬುಡಕ
ನೀಲಿ ಹಸಿರು ಹರೀತಿತ್ತು, ಸ್ಕ್ರೀನಿನಾಗಿನ ಕೆಂಪು
ಖರೇನ ಕೆಂಪು.
ಇನ್ನೊಂದು ಕರೀದು, ದಪ್ಪ, ಬೆನ್ನು ಉಬ್ಬಿದ್ದು,
ಅದರ ಅಡಾಪ್ಟರ್ ಅಂದ್ರ ಒಂದು ಇಟ್ಟಂಗಿ.
ರೊಕ್ಕದಾಗ ಫರಕು ಬರೇ ಎಂಟುನೂರು.

ಎಪ್ಪತ್ತೊಂದು ಸಾವಿರ.
ಟಿಳಕವಾಡಿಯ ಬೇಕರಿಯೊಳಗ ಎರಡು ವರ್ಷ
ಕೇಕಿನ ಮ್ಯಾಲೆ ಮಂದಿ ಹೆಸರು ಬರೆದ ರೊಕ್ಕ:
ಹ್ಯಾಪಿ ಬರ್ತಡೇ ಆರುಷ್, ಹ್ಯಾಪಿ ಬರ್ತಡೇ ಬಾಪೂಸಾಹೇಬ,
ಒಮ್ಮೆ ಒಂದು ನಾಯಿಗೂ ಬರೆದೇನಿ.
ಕಡಿಮಿ ಬಿದ್ದ ಒಂಬತ್ತು ಸಾವಿರ ಅಪ್ಪಂದು, ಓವರ್‌ಟೈಮಿಂದು.
ಅದಕ್ಕ ಅವನೂ ಬಂದಾನ, ಇಸ್ತ್ರಿ ಅಂಗಿ ಹಾಕ್ಕೊಂಡು.

ತಿಂಗಳಿಂದ ಬಾಯಿಪಾಠ ಮಾಡಿದ್ದೆ.
ಇದಕ್ಕ ಆರು ಜಿಬಿ ಗ್ರಾಫಿಕ್ಸು, ಅದಕ್ಕೂ ಆರ.
ಇದಕ್ಕ ಹದಿನಾರು ರ‍್ಯಾಮು, ಅದಕ್ಕ ಎಂಟು,
ಆದರ ಇನ್ನೊಂದು ಗೂಡು ಖಾಲಿ, ಮುಂದ ತುಂಬಬಹುದು.
ವಹಿಯ ನಡುವ ಗೆರಿ ಹೊಡೆದು ಬರಕೊಂಡಿದ್ದೆ.
ರಾತ್ರಿ ಒಂದು ಗೆಲ್ತಿತ್ತು, ಮುಂಜಾನೆ ಇನ್ನೊಂದು.
ಗೋಕಾಕದ ಮೈನುದ್ದೀನ ತೆಳ್ಳಂದ ತಗೋ ಅಂದ.
ಹೆಸರು ಗೊತ್ತಿರದ ನಮ್ಮ ಟೀಮಿನ ಸ್ನೈಪರ್,
ಯಾವುದರೆ ತಗೋ, ಮೊದಲು ಹಿಂದ ಹೊಳ್ಳಿ ನೋಡೂದು ಕಲಿ ಅಂದ.

ಅಂಗಡಿಯ ಚೌಗುಲೆ ಎರಡರಾಗೂ ಒಂದೇ ಗೇಮು ಹಚ್ಚಿದ.
ಒಂದೇ ಸೇತುವೆ, ಒಂದೇ ಮಂಜು, ಎರಡೆರಡು ಸಲ ಸುಡೋ ಊರು.
ಅಪ್ಪ ಸ್ಕ್ರೀನು ನೋಡಲೇ ಇಲ್ಲ.
ಚಾಳೀಸ ತೆಗೆದು ಕಿಸೆದಾಗ ಇಟ್ಟು, ಬಗ್ಗಿ,
ಹಿಂದಿನ ಜಾಳಿಗಿ ನೋಡಿದ.
"ಗಾಳಿ ಎಲ್ಲಿಂದ ಹೊಂಡತೈತಿ?"

ಮೂವತ್ತೊಂದು ವರ್ಷ ಉದ್ಯಮಬಾಗದ ಫೌಂಡ್ರಿಯೊಳಗ
ಉಸುಕಿನ ಅಚ್ಚು ಕಟ್ಟಿದಾಂವ.
ಅಚ್ಚಿಗೆ ತಂತಿಲೆ ತೂತು ಚುಚ್ಚದಿದ್ರ
ಒಳಗಿನ ಗಾಳಿ ಕಬ್ಬಿಣದಾಗ ಗುಳ್ಳಿ ಆಗಿ ಕೂಡತೈತಿ,
ಮ್ಯಾಲೆ ನೋಡಾಕ ಚಂದ,
ಲೇತಿಗೆ ಹಚ್ಚಿದ ದಿನ ಪೊಳ್ಳು.

ಅರ್ಧ ತಾಸು ಓಡ್ಲಿ, ಅಂದ.
ಚೌಗುಲೆ ಗಡಿಯಾರ ನೋಡಿದ, ಚಾ ತರಿಸಿದ.
ಆಮ್ಯಾಲೆ ಅಪ್ಪ ತೆಳ್ಳಂದರ ಕೀಲಿಗಳ ಮ್ಯಾಲೆ ಅಂಗೈ ಇಟ್ಟ,
ದಪ್ಪಂದರ ಮ್ಯಾಲೆ ಇಟ್ಟ, ಮತ್ತ ತೆಳ್ಳಂದು.
ಹಂಗ ನಿಂತ.
ಸಣ್ಣ ದನಿಲೆ, ಚೌಗುಲೆಗೆ ಕೇಳದಂಗ,
"ನನ್ನ ಕೈಗೆ ಇಷ್ಟು ಬಿಸಿ ತಿಳಿಯಾಂಗಿಲ್ಲ ಈಗ. ನೀ ಇಡು."

ಇಟ್ಟೆ.
ಡಬ್ಲ್ಯೂ ಕೀಲಿ ಹತ್ರ, ನನ್ನ ಬೆರಳು ರಾತ್ರಿಯಿಡೀ ಕೂಡೋ ಜಾಗದಾಗ,
ತೆಳ್ಳಂದು ಈಗ ಇಳಿಸಿದ ಹಂಚಿನಂಗ ಇತ್ತು.
ಸುಳ್ಳು ಹೇಳಬಹುದಿತ್ತು.
ಆ ಕೆಂಪು ನೋಡಿದೆ.
ಅವನ ಅಂಗೈ ನೋಡಿದೆ: ಗೆರಿ ಇಲ್ಲದ ಜಾಗ, ಹೊಳಿಯೋ ತೊಗಲು,
ಸಣ್ಣಾಕಿ ಇದ್ದಾಗ ನಾ ಜಾರ್ತೈತಿ ಅಂತ ನಗ್ತಿದ್ದ ಜಾಗ.
ಸುಡತೈತಿ, ಅಂದೆ.

ದಪ್ಪಂದು ತಂದ್ವಿ. ಬಸ್ಸಿನಾಗ ಇಟ್ಟಂಗಿ ಅವನ ತೊಡಿ ಮ್ಯಾಲೆ.
ಇದರಾಗ ಕೆಂಪು ಅಂದ್ರ ನಾಕು ಸಲ ಒಗೆದ ಕೆಂಪು.
ಆ ಕಡೆ ಹೋದಾಗೆಲ್ಲ ಅಂಗಡಿ ಗಾಜಿನಾಗ ಹಣಿಕಿ ಹಾಕ್ತೀನಿ.
ತೆಳ್ಳಂದು ಯಾರೋ ಒಯ್ದಾರ. ಅದರ ಜಾಗದಾಗ
ಅದರಂಥದ್ದೇ ಇನ್ನೊಂದು, ಇನ್ನೂ ತೆಳ್ಳಂದು.

ರಾತ್ರಿ ಹನ್ನೊಂದಕ್ಕ ಟೀಮು ಕೂಡತೈತಿ.
ಫ್ಯಾನು ಏರತೈತಿ, ಮನಿ ತುಂಬ ಭುರ್ ಅಂತ,
ಅವ್ವ ಬೈತಾಳ.
ನಡುಮನ್ಯಾಗ ಅಪ್ಪನ ಗೊರಕಿ ಒಂದು ಗಳಿಗಿ ನಿಲ್ಲತೈತಿ,
ಕಿವಿಗೊಟ್ಟಾನ ಅಂತ ನನಗ ತಿಳೀತೈತಿ.
ಆಮ್ಯಾಲೆ ಮತ್ತ ಶುರು.
ಅಷ್ಟೊತ್ತಿಗೆ ನಾ ಸೇತುವೆ ಅರ್ಧ ದಾಟಿರತೀನಿ,
ಹಿಂದಿನಿಂದ ಯಾರೋ ಹೊಡೀತಾರ.
ಸ್ನೈಪರ್ ನಗತಾನ.